ಒಂದನೇ ಪ್ರತಿವಾದಿ ಹಾಜರು

ಬಳ್ಳಾರಿ ಕಂಟೋನ್ಮೆಂಟ್
12-8-1974

ಅಕ್ಕನಿಗೆ ತಮ್ಮ ಮರಿಬಸಪ್ಪನ ನಮಸ್ಕಾರ.

ನಿನ್ನ ದಾವೆ ಹೋದ ವಾರ ದಾಖಲಾಯಿತು. ನಾನು ನಕಲು ವಿಭಾಗದಲ್ಲಿ ಕೂತು ದಿನವೂ ಕಂಡವರ ತೀರ್ಪುಗಳನ್ನು ಟೈಪು ಮಾಡುವವನು. ನಮ್ಮ ಮನೆಯವರ ಹೆಸರಿನ ಕಾಗದಕ್ಕೆ ಕೋರ್ಟಿನ ಮೊಹರು ಬಿದ್ದದ್ದನ್ನು ಇದೇ ಮೊದಲ ಸಲ ನೋಡಿದೆ. ಏನೋ ಒಂಥರಾ ಆಯಿತು.

ಸಿರುಗುಪ್ಪದ ತಾಲ್ಲೂಕು ಕಚೇರಿಯವರು ನಿನಗೆ ಹೇಳಿದ್ದು ಸರಿ. ಹೊಲದ ಖಾತೆ ಭಾವನ ಹೆಸರಿನಿಂದ ನಿನ್ನ ಹೆಸರಿಗೆ ಬರಬೇಕಾದರೆ ಅವರು ತೀರಿಕೊಂಡ ದಾಖಲೆ ಬೇಕು. ಆ ದಾಖಲೆ ನಮ್ಮ ಹತ್ತಿರ ಇಲ್ಲ. ಆದರೆ ಒಬ್ಬ ಮನುಷ್ಯನ ಸುದ್ದಿ ಏಳು ವರ್ಷ ಅವನ ಮನೆಯವರಿಗೇ ಗೊತ್ತಾಗದಿದ್ದರೆ, ಅವನು ಇಲ್ಲವೆಂದು ಕೋರ್ಟು ತಿಳಿದುಕೊಳ್ಳಬಹುದು. ಭಾವ ಗಿರಣಿಯ ಬಾಯ್ಲರಿನ ಸಾಮಾನು ತರಲು ಆದವಾನಿಗೆ ಹೋದವರು ಹನ್ನೊಂದು ವರ್ಷದಿಂದ ಬಂದಿಲ್ಲ. ಆದ್ದರಿಂದ ಇದು ಕಷ್ಟದ ದಾವೆ ಅಲ್ಲ, ಬರೀ ರೂಢಿಯದು ಎಂದು ವಕೀಲರು ಹೇಳುತ್ತಾರೆ. ಜಡೆಮ್ಮನ ಮದುವೆಗೆ ಮೊದಲೇ ಖಾತೆ ಆಗುತ್ತದೆ. ನೀನು ಅಂದುಕೊಂಡಂತೆ ಮಗಳ ಹೆಸರಿಗೆ ಹೊಲ ಬರೆದುಕೊಡಬಹುದು.

ಇಷ್ಟರಲ್ಲಿ ಕೋರ್ಟಿನ ಅಮೀನ ಸಮನ್ಸು ತೆಗೆದುಕೊಂಡು ಹಚ್ಚೊಳ್ಳಿಗೆ ಬರುತ್ತಾನೆ. ಹೆದರಬೇಡ. ಅವನು ತೋರಿಸಿದಲ್ಲಿ ಸಹಿ ಮಾಡಿದರೆ ಮುಗಿಯಿತು. ಅತ್ತೆಯವರಿಗೂ ಸ್ವಲ್ಪ ಮುಂಚೆಯೇ ತಿಳಿಸಿರು.

ನಿನ್ನ ತಮ್ಮ,
ಮರಿಬಸಪ್ಪ


ಹಚ್ಚೊಳ್ಳಿ
10-9-1974

ಮರಿಬಸಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಅಮೀನ ಬಂದು ಹೋದ. ಅಂದಿನಿಂದ ಈ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೇ ತಿಳಿಯುತ್ತಿಲ್ಲ.

ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಆ ಮನುಷ್ಯ ಸೈಕಲ್ ಇಳಿದವನೇ, “ಚನ್ನವೀರಮ್ಮ ಗಂಡ ವೀರಭದ್ರಪ್ಪ ಯಾರ್ರಿ?” ಎಂದ.

“ನಾನಾ ಯಪ್ಪಾ,” ಎಂದರು ಅತ್ತೆ.

“ನಿಮ್ಮ ಮ್ಯಾಲೆ ದಾವೆ ಐತಿ. ಇಲ್ಲಿ ಹೆಬ್ಬಟ್ಟು ಒತ್ತರಿ.”

“ನನ್ನ ಮ್ಯಾಲೆ ಯಾರ್ ಹಾಕ್ಯಾರ?”

“ನಿಮ್ಮ ಸೊಸಿ.”

ಮರಿಬಸಪ್ಪ, ನೀನು ಇದನ್ನು ನನಗೆ ಯಾಕೆ ಬರೆಯಲಿಲ್ಲ? ಅತ್ತೆಯ ಮೇಲೆ ನಾನು ಯಾವಾಗ ದಾವೆ ಹಾಕಿದೆ? ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅತ್ತೆ ನನ್ನನ್ನು ನೋಡಿದರು. ಹೆಬ್ಬಟ್ಟು ಒತ್ತಿದರು.

ಆಮೇಲೆ ಅವನು ಇನ್ನೊಂದು ಕಾಗದ ತೆಗೆದ. “ದೊಡ್ಡಬಸಪ್ಪ ತಂದೆ ವೀರಭದ್ರಪ್ಪ. ಮನ್ಯಾಗ ಅದಾರೇನ್ರಿ?”

ನಾನು ಏನು ಹೇಳಲಿ? “ಇಲ್ರಿ,” ಅಂದೆ.

“ಎಲ್ಲಿಗೆ ಹೋಗ್ಯಾರ?”

“ಗೊತ್ತಿಲ್ರಿ.”

“ಯಾವಾಗ ಬರ್ತಾರ?”

ಯಾರು ಇಲ್ಲವೆಂದು ನಾನು ಕೋರ್ಟಿಗೆ ಹೋಗಿದ್ದೇನೋ ಅವರು ಯಾವಾಗ ಬರುತ್ತಾರೆ ಎಂದು ಕೋರ್ಟಿನವನೇ ನನ್ನನ್ನು ಕೇಳುತ್ತಾನೆ. ಅವನು ಒಂದಿಷ್ಟು ಗಂಜಿ ಕೇಳಿ ಇಸಿದುಕೊಂಡು ಆ ಕಾಗದವನ್ನು ನಮ್ಮ ತಲಬಾಗಿಲಿಗೆ ಅಂಟಿಸಿದ. ನೆರೆಯವರಿಬ್ಬರ ಸಹಿ ತೆಗೆದುಕೊಂಡು ಹೊರಟುಹೋದ.

ಅತ್ತೆ ಅವತ್ತಿನಿಂದ ನನ್ನ ಕೈಯ ಊಟ ಬಿಟ್ಟರು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ತಾವೇ ನುಚ್ಚು ಬೇಯಿಸಿಕೊಂಡರು. ನಾನು ಕಾಲು ಹಿಡಿದು ಹೇಳಿದರೂ ಕೇಳಲಿಲ್ಲ. ಹೀಗೇ ಎರಡು ಮೂರು ದಿನ ಕಳೆಯಿತು. ಒಂದು ಬೆಳಿಗ್ಗೆ ಜಡೆಮ್ಮನನ್ನು ಬಾಗಿಲ ಹತ್ತಿರ ನಿಲ್ಲಿಸಿ, “ಅದರಾಗ ಏನ್ ಬರದಾರ ಓದು,” ಅಂದರು. ಒಂದನೇ ಪ್ರತಿವಾದಿ ದೊಡ್ಡಬಸಪ್ಪ ಇವರು ಅಕ್ಟೋಬರ್ ಏಳನೇ ತಾರೀಖು ಖುದ್ದಾಗಿ ಹಾಜರಾಗತಕ್ಕದ್ದು ಎಂದು ಅವಳು ಓದಿದಳು. ಅತ್ತೆಯ ಮುಖ ನೀನು ನೋಡಬೇಕಿತ್ತು. “ಕೇಳಿದೆಲ್ಲ. ಸರಕಾರದಾಗ ಅವನ ಹೆಸರು ಐತಿ. ಸತ್ತವಗ ಯಾರರೆ ಬಾ ಅಂತ ಬರೀತಾರೇನು?” ಅಂದರು. ಅವತ್ತು ಒಳಗೆ ಬಂದು ನನ್ನ ಕೈಯಿಂದಲೇ ಉಂಡರು.

ಈಗ ಆ ಮಾತನ್ನು ನಾನು ಇಲ್ಲ ಅನ್ನುವುದು ಹೇಗೆ? ನೀನೇ ಬರೆ.

ಅಕ್ಕನಾಗಮ್ಮ


ಬಳ್ಳಾರಿ
18-9-1974

ಅಕ್ಕನಿಗೆ ನಮಸ್ಕಾರ.

ತಪ್ಪು ತಿಳಿಯಬೇಡ. ಭಾವನ ವಾರಸುದಾರರಲ್ಲಿ ಅತ್ತೆಯವರೂ ಸೇರುತ್ತಾರೆ. ಆದ್ದರಿಂದ ಅವರನ್ನು ದಾವೆಯಲ್ಲಿ ಸೇರಿಸಲೇಬೇಕು. ವಾದಿ ಅಲ್ಲದವರೆಲ್ಲ ಪ್ರತಿವಾದಿಗಳೇ, ಮಧ್ಯದಲ್ಲಿ ಬೇರೆ ಜಾಗ ಕಾನೂನಿನಲ್ಲಿ ಇಲ್ಲ. ಭಾವನನ್ನು ಒಂದನೇ ಪ್ರತಿವಾದಿ ಮಾಡಿದ್ದೂ ಅದಕ್ಕೇ. ಅವರು ಇಲ್ಲವೆಂದು ಹೇಳುವ ಮೊದಲು ಅವರಿಗೆ ಬರಲು ಒಂದು ಅವಕಾಶ ಕೊಡಬೇಕಲ್ಲ. ಬಾ ಎಂದು ಕರೆಯುತ್ತಾರೆ, ಬರದಿದ್ದರೆ ಗೈರುಹಾಜರು ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ.

ಇದನ್ನು ಅತ್ತೆಯವರಿಗೆ ನಿಧಾನವಾಗಿ ಬಿಡಿಸಿ ಹೇಳು. ಇಲ್ಲಿ ದಿನಾ ನೂರಾರು ಜನರ ಹೆಸರು ಕೂಗುತ್ತಾರೆ. ನಮ್ಮ ಪೀರಸಾಬ್ ಎನ್ನುವ ದಲಾಯತ ವರಾಂಡದಲ್ಲಿ ನಿಂತು ಕೂಗಿದರೆ ಎದುರಿನ ಚಹಾದಂಗಡಿಯಲ್ಲಿ ಕೂತವರೂ ಎದ್ದು ಬರುತ್ತಾರೆ. ಅದು ಬರೀ ಕೂಗು, ಅಷ್ಟೇ. ಏಳನೇ ತಾರೀಖಿಗೆ ನೀವು ಯಾರೂ ಬರಬೇಕಾಗಿಲ್ಲ, ವಕೀಲರು ನೋಡಿಕೊಳ್ಳುತ್ತಾರೆ.

ಮರಿಬಸಪ್ಪ


ಹಚ್ಚೊಳ್ಳಿ
1-10-1974

ಮರಿಬಸಪ್ಪನಿಗೆ ಆಶೀರ್ವಾದ.

ನಿಧಾನವಾಗಿ ಬಿಡಿಸಿ ಹೇಳು ಎಂದು ಬರೆದಿದ್ದೀಯ. ಬಿಡಿಸಲು ಹೋದೆ. “ಹಂಗಾರ ಅವಗ ಬಾ ಅನ್ನೂದು ಸುಳ್ಳೇನು? ಕೋರ್ಟಿನವರು ಸುಳ್ಳು ಬರೀತಾರೇನು?” ಎಂದು ಕೇಳಿದರು. ನಾನು ಎದ್ದು ಒಲೆಯ ಕಡೆ ಹೋದೆ.

ನಿನ್ನ ಹತ್ತಿರ ಇನ್ನೊಂದು ಮಾತು ಕೇಳಬೇಕು. ತಮ್ಮನಿಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬೇರೆ ಯಾರನ್ನು ಕೇಳಲಿ? ಕೋರ್ಟು ಅವರು ಇಲ್ಲವೆಂದು ಹೇಳಿದರೆ ಯಾವ ದಿನದಿಂದ ಇಲ್ಲ ಎಂದು ಲೆಕ್ಕ? ಹೋದ ದಿನದಿಂದಲೋ, ಏಳು ವರ್ಷ ತುಂಬಿದ ಮೇಲೋ, ಕೋರ್ಟು ಹೇಳಿದ ದಿನದಿಂದಲೋ? ಹೋದ ದಿನದಿಂದ ಎಂದಾದರೆ ಇಷ್ಟು ವರ್ಷ ನಾನು ಕುಂಕುಮ ಹಚ್ಚಿಕೊಂಡದ್ದು ಏನು? ಊರ ಹೆಣ್ಣುಮಕ್ಕಳು ನನ್ನನ್ನು ಮುತ್ತೈದೆಯೆಂದು ಕರೆದು ಉಡಿ ತುಂಬಿದ್ದಾರೆ. ಇನ್ನು ಕೋರ್ಟು ಹೇಳಿದ ದಿನದಿಂದ ಎಂದಾದರೆ, ಆ ದಿನ ನಾನು ಬಳ್ಳಾರಿಯಿಂದ ಬಸ್ಸಿನಲ್ಲಿ ಬರುವಾಗ ಹಣೆಯನ್ನು ಏನು ಮಾಡಿಕೊಳ್ಳಬೇಕು?

ವಕೀಲರನ್ನು ಕೇಳು. ನಗಬೇಡ.

ಅಕ್ಕನಾಗಮ್ಮ


ಬಳ್ಳಾರಿ
9-10-1974

ಅಕ್ಕನಿಗೆ ನಮಸ್ಕಾರ.

ಏಳನೇ ತಾರೀಖಿನ ವಾಯಿದೆ ಮುಂದಕ್ಕೆ ಹೋಗಿದೆ. ವಿಶೇಷವೇನಿಲ್ಲ. ದಸರೆ ರಜೆ ಮುಗಿದ ಮೇಲೆ ನವೆಂಬರ್ ಇಪ್ಪತ್ತೈದಕ್ಕೆ ಕೊಟ್ಟಿದ್ದಾರೆ. ನೀನು ಕೇಳಿದ ಮಾತನ್ನು ವಕೀಲರ ಹತ್ತಿರ ಇನ್ನೂ ಎತ್ತಿಲ್ಲ, ಅವರು ಬೇರೆ ಗಡಿಬಿಡಿಯಲ್ಲಿದ್ದಾರೆ.

ಒಂದು ಸಣ್ಣ ವಿಷಯ. ಭಾವನ ಕಾಲಿಗೆ ಗಿರಣಿಯಲ್ಲಿ ಪೆಟ್ಟಾಗಿತ್ತಲ್ಲ, ಅದು ಎಡಗಾಲೋ ಬಲಗಾಲೋ? ನಡೆಯುವಾಗ ಎಳೆದು ಹಾಕುತ್ತಿದ್ದರೇ? ಎತ್ತರ ಎಷ್ಟಿದ್ದರು? ನಾನು ಆಗ ಹುಡುಗ, ಸರಿಯಾಗಿ ನೆನಪಿಲ್ಲ. ಕಾಗದಪತ್ರಕ್ಕೆ ಬೇಕಾಗಬಹುದು ಎಂದು ಕೇಳಿದೆ, ಮತ್ತೇನೂ ಇಲ್ಲ. ಕೂಡಲೇ ಬರೆ.

ಮರಿಬಸಪ್ಪ


ಹಚ್ಚೊಳ್ಳಿ
20-10-1974

ಮರಿಬಸಪ್ಪನಿಗೆ.

ವಿಶೇಷವೇನಿಲ್ಲ ಎಂದು ಬರೆದೆಯಲ್ಲ. ನಿನ್ನ ಕಾಗದ ಬರುವ ಮೊದಲೇ ಸುದ್ದಿ ನಮ್ಮೂರಿಗೆ ಬಸ್ಸಿನಲ್ಲಿ ಬಂದಿತ್ತು. ಮೇಲಿನ ಓಣಿಯ ಜಂಬಣ್ಣ ತನ್ನ ಬದುವಿನ ವ್ಯಾಜ್ಯಕ್ಕೆಂದು ಅದೇ ದಿನ ಬಳ್ಳಾರಿ ಕೋರ್ಟಿಗೆ ಹೋಗಿದ್ದ. ಇಳಿದವನೇ ನೇರ ನಮ್ಮ ಮನೆಗೆ ಬಂದ.

“ಯಕ್ಕಾ, ನಿಮ್ಮ ಮನಿಯವ್ರು ಬಂದಿದ್ರಲ್ಲ. ದಲಾಯತ ದೊಡ್ಡಬಸಪ್ಪ ಅಂತ ಕೂಗಿದ. ಗದ್ದಲದಾಗ ಒಬ್ಬಾವ ಅದೀನ್ರಿ ಅಂತ ಕೈ ಎತ್ತಿಕೊಂಡು ಒಳಗ ಹೋದ. ನಾ ಮುಖ ನೋಡಲಿಲ್ಲ. ಬೆನ್ನು ನೋಡಿದೆ.”

ಅತ್ತೆ ನೀರು ತುಂಬಿದ ಕೊಡ ಅಲ್ಲೇ ಇಳಿಸಿ ಕೂತರು. ಓಣಿಯವರೆಲ್ಲ ಸೇರಿದರು. ದೀಪಾವಳಿ ದೂರವಿದ್ದರೂ ಮರುದಿನವೇ ಮನೆಗೆ ಸುಣ್ಣ ಹೊಡೆಸಿದರು. ನಾನು ಬೇಡ ಎನ್ನಲಿಲ್ಲ.

ಆಮೇಲೆ ನಿನ್ನ ಕಾಗದ ಬಂತು. ಎಡಗಾಲೋ ಬಲಗಾಲೋ ಎಂದು. ಕಾಗದಪತ್ರಕ್ಕೆ ಬೇಕು ಎಂದು ಅಕ್ಕನಿಗೆ ಯಾಕೆ ಸುಳ್ಳು ಬರೆಯುತ್ತೀ? ನೀನು ಅವರನ್ನು ನೋಡಿದೆಯೋ ಇಲ್ಲವೋ?

ನನಗೆ ಬಲಗಾಲು ಎಂದು ನೆನಪು. ಅತ್ತೆ ಎಡಗಾಲು ಅನ್ನುತ್ತಾರೆ. ನಿನ್ನ ಭಾವ ಮಂಚದ ಮೇಲೆ ಕಾಲು ಚಾಚಿ ಕೂತದ್ದನ್ನೂ, ನಾನು ಎಣ್ಣೆ ಹಚ್ಚಿದ್ದನ್ನೂ ಕಣ್ಣು ಮುಚ್ಚಿ ನೆನೆಸಿಕೊಂಡೆ. ಕಾಲು ಕಾಣುತ್ತದೆ, ಯಾವ ಕಡೆಯದೋ ಕಾಣುವುದಿಲ್ಲ. ಮುಖವೂ ಹಾಗೇ. ಜಡೆಮ್ಮನ ಮುಖವನ್ನು ತೆಗೆದು ಅವರಿಗೆ ಇಟ್ಟು ನೋಡುತ್ತೇನೆ.

ನಿಜ ಬರೆಯುತ್ತೇನೆ, ಯಾರಿಗೂ ಹೇಳಬೇಡ. ಬಂದಿದ್ದಾರೆ ಎಂದು ಜಂಬಣ್ಣ ಅಂದಾಗ ನನಗೆ ಸಂತೋಷ ಆಗಲಿಲ್ಲ. ಹೆದರಿಕೆ ಆಯಿತು. ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತರೆ ನಾನು ಎದ್ದು ನೀರು ಕೊಡಬೇಕೋ, ಯಾರ್ರಿ ನೀವು ಎನ್ನಬೇಕೋ? ಈ ಮನೆಯಲ್ಲಿ ಏನು ಎಲ್ಲಿದೆ ಎಂದು ಅವರಿಗೆ ತಿಳಿಯದು. ಅವರು ಹೋದಾಗ ಆಗಷ್ಟೇ ಶಾಲೆಗೆ ಸೇರಿದ್ದ ಮಗಳು ಈಗ ನನಗಿಂತ ಎತ್ತರ. ಅವರು ಬರಲಿ ಎಂದು ಇಷ್ಟು ವರ್ಷ ಹರಕೆ ಹೊತ್ತವಳು ನಾನೇ. ಆ ಹರಕೆ ಹೊತ್ತವಳು ಎಲ್ಲಿ ಹೋದಳೋ ಗೊತ್ತಾಗುತ್ತಿಲ್ಲ.

ಬಂದವರು ಯಾರು? ಇಷ್ಟೇ ಬರೆ.

ಅಕ್ಕ


ಬಳ್ಳಾರಿ
4-11-1974

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿದೆ. ನಡೆದದ್ದನ್ನು ಇದ್ದಂತೆ ಹೇಳುತ್ತೇನೆ.

ಏಳನೇ ತಾರೀಖು ನಾನು ನಕಲು ವಿಭಾಗದಲ್ಲೇ ಇದ್ದೆ. ಮಧ್ಯಾಹ್ನ ಬೆಂಚ್ ಗುಮಾಸ್ತರು ಬಂದು, “ಏನಪಾ, ನಿಮ್ಮ ಭಾವ ಕಾಣೆ ಅಂತ ದಾವೆ ಹಾಕೀರಿ, ಅವರು ಬಂದು ನಿಂತಿದ್ರಲ್ಲ,” ಎಂದರು. ಓಡಿದೆ. ಆ ಮನುಷ್ಯ ಹೋಗಿಬಿಟ್ಟಿದ್ದ. ಕೋರ್ಟಿನ ದಿನಚರಿಯಲ್ಲಿ ‘ಒಂದನೇ ಪ್ರತಿವಾದಿ ಹಾಜರು’ ಎಂದು ಬರೆದಾಗಿತ್ತು. ನಮ್ಮ ವಕೀಲರು ಆ ಹೊತ್ತಿಗೆ ಬೇರೆ ಕೋರ್ಟ್ ಹಾಲಿನಲ್ಲಿದ್ದರು, ಅವರ ಜೂನಿಯರ್ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ನೋಡಿದವರನ್ನೆಲ್ಲ ಕೇಳಿದೆ. ಒಬ್ಬರು ಎತ್ತರದ ಆಳು ಎಂದರು, ಇನ್ನೊಬ್ಬರು ಕಾಲು ಎಳೆಯುತ್ತಿದ್ದ ಎಂದರು. ಕಾಲು ಎಂದ ಕೂಡಲೇ ನನಗೂ ತಲೆ ಕೆಟ್ಟಿತು. ತಿಳಿಯದೆ ನಿನಗೆ ಏನು ಬರೆಯಲಿ? ತಿಳಿದ ಮೇಲೆ ಬರೆಯೋಣ ಎಂದುಕೊಂಡೆ. ಅದಕ್ಕೇ ಸುಳ್ಳು ಬರೆದೆ.

ರಜೆಯಲ್ಲಿ ಪೀರಸಾಬರೇ ಒಂದು ದಾರಿ ತೋರಿಸಿದರು. “ಅವತ್ತು ಕುರುಗೋಡಿನ ದಾವೆಗಳೂ ಇದ್ದುವು ನೋಡ್ರಿ. ಅಲ್ಲಿ ಓಣಿಗೊಬ್ಬ ದೊಡ್ಡಬಸಪ್ಪ ಇರ್ತಾನ. ನಾ ತಂದಿ ಹೆಸರು ಕೂಗಿದ್ದು ಗದ್ದಲದಾಗ ಕೇಳಿರಂಗಿಲ್ಲ,” ಎಂದರು. ಅಲ್ಲಿಯ ದೇವರೇ ದೊಡ್ಡಬಸಪ್ಪ, ಹೆಸರಿಗೆ ಏನು ಕಡಿಮೆ?

ಕುರುಗೋಡಿಗೆ ಹೋಗಿ ಹುಡುಕಿದೆ. ಮೂರನೆಯ ದೊಡ್ಡಬಸಪ್ಪ ಸಿಕ್ಕರು. ಕಲ್ಲು ಒಡೆಯುವ ಕೆಲಸ, ವಯಸ್ಸು ಐವತ್ತರ ಮೇಲೆ, ಎತ್ತರವೂ ಹೌದು, ಕಾಲಿನ ಮೇಲೆ ಕಲ್ಲು ಬಿದ್ದು ಕುಂಟುವುದೂ ಹೌದು.

“ನಾನಾ ರೀ,” ಎಂದರು. “ಅಣ್ಣತಮ್ಮರ ಮನಿ ನಡುವಿನ ಗ್ವಾಡಿ ವ್ಯಾಜ್ಯ ಐತಿ ನಂದು. ಹೆಸರು ಕೂಗಿದ ಕೂಡಲೆ ಅದೀನಿ ಅನ್ನು, ತಡಾ ಮಾಡಿದ್ರ ದಾವೆ ಹೋತದ ಅಂತ ನಮ್ಮ ವಕೀಲ್ರು ಹೆದರಿಸಿದ್ರು. ಕೂಗಿದ್ರು, ನಿಂತೆ. ಮುಂದಿನ ತಾರೀಖು ಹೇಳಿದ್ರು, ಕೈ ಮುಗದು ಬಂದೆ. ಆಮ್ಯಾಲೆ ನನ್ನ ದಾವೆ ಕೂಗಿದಾಗ ನಾ ಇರಲಿಲ್ಲಂತ. ನಂದೂ ಹೋತು ನೋಡ್ರಿ.”

ಅವರ ಮುಖ ನೋಡಿದ ಮೇಲೂ ನಾನು ಅವರ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ಊರು ಎಲ್ಲ ಕೇಳಿದೆ. ಅವರು ಭಾವ ಅಲ್ಲ, ಅಕ್ಕ. ಇದರಲ್ಲಿ ಅನುಮಾನ ಇಲ್ಲ.

ಇಪ್ಪತ್ತೈದಕ್ಕೆ ಅವರೇ ಬಂದು ತಾನು ಬೇರೆ ಎಂದು ನ್ಯಾಯಾಧೀಶರ ಮುಂದೆ ಹೇಳಬೇಕಾಗಿದೆ. ಆಗಲೇ ದಿನಚರಿ ತಿದ್ದುತ್ತಾರೆ. ಅವತ್ತೇ ನಿನ್ನ ಸಾಕ್ಷಿಯೂ ಆಗುತ್ತದೆ. ನೀನು ಬಾ. ಅತ್ತೆಯವರಿಗೆ ಈಗಲೇ ಸ್ಪಷ್ಟವಾಗಿ ಹೇಳಿಬಿಡು.

ನೀನು ಹೆದರಿಕೆಯೆಂದು ಬರೆದದ್ದನ್ನು ಯಾರಿಗೂ ಹೇಳುವುದಿಲ್ಲ.

ಮರಿಬಸಪ್ಪ


ಹಚ್ಚೊಳ್ಳಿ
17-11-1974

ಮರಿಬಸಪ್ಪನಿಗೆ ಆಶೀರ್ವಾದ.

ಹೇಳಿದೆ. ಜಡೆಮ್ಮನಿಂದ ನಿನ್ನ ಕಾಗದವನ್ನೂ ಓದಿಸಿದೆ, ಕುರುಗೋಡಿನವರ ವಿಷಯದ ಭಾಗ ಮಾತ್ರ. ಅತ್ತೆ ಕೇಳಿಸಿಕೊಂಡು, “ಅದೀನಿ ಅಂದಾನ, ಅವರು ಬರಕೊಂಡಾರ. ಬರದದ್ದು ಈಗ ಯಾಕ ತಿದ್ತಾರ? ನಾ ನೋಡತೀನಿ,” ಎಂದರು. ಅವರೂ ನನ್ನ ಜೊತೆ ಬರುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಅವರಿಗೂ ಸಮನ್ಸು ಬಂದಿದೆಯಂತೆ, ಅವರನ್ನು ಬಿಟ್ಟು ನಾನೊಬ್ಬಳೇ ಹೋದರೆ ಅವರ ಮೇಲೆ ನಾನು ಏನಾದರೂ ಹೇಳಿಬಿಡುತ್ತೇನೆ ಎನ್ನುತ್ತಾರೆ. ನಗುತ್ತ ಅಂದರೋ ಸಿಟ್ಟಿನಿಂದ ಅಂದರೋ ತಿಳಿಯಲಿಲ್ಲ.

ಬಸ್ ನಿಲ್ದಾಣಕ್ಕೆ ಬಾ.

ಅಕ್ಕ


ಹಚ್ಚೊಳ್ಳಿ
30-11-1974

ಮರಿಬಸಪ್ಪನಿಗೆ ಆಶೀರ್ವಾದ.

ಕ್ಷೇಮವಾಗಿ ಮುಟ್ಟಿದೆವು. ಆ ದಿನ ನೀನೂ ಅಲ್ಲೇ ಇದ್ದೆ, ನಾನೂ ಅಲ್ಲೇ ಇದ್ದೆ. ಆದರೂ ಏನಾಯಿತು ಎಂದು ಕೂಡಿ ಮಾತಾಡಲು ಬಸ್ಸು ಬಿಡಲಿಲ್ಲ. ಒಳಗೆ ಆದದ್ದನ್ನು ನಾನು ಬರೆಯುತ್ತೇನೆ. ಹೊರಗೆ ಆದದ್ದನ್ನು ನೀನು ಬರೆ. ಯಾಕೆಂದರೆ ಅತ್ತೆ ಬಾಯಿ ಬಿಡುತ್ತಿಲ್ಲ.

ನನ್ನನ್ನು ಮೊದಲು ಕರೆದು ಕಟಕಟೆಯ ಪಕ್ಕ ನಿಲ್ಲಿಸಿದ್ದರು. ಆಮೇಲೆ ಹೊರಗೆ ಪೀರಸಾಬರು ನಿನ್ನ ಭಾವನ ಹೆಸರು ಕೂಗಿದರು. ಮೂರು ಸಲ ಕೂಗುತ್ತಾರೆ ಎಂದು ನೀನು ಹೇಳಿದ್ದೆ. ಮೂರಾದ ಮೇಲೂ ಕೂಗಿದರು. ಮತ್ತೂ ಕೂಗಿದರು. ಒಂದೊಂದು ಸಲಕ್ಕೂ ದನಿ ದೊಡ್ಡದಾಯಿತು. ಬರೆಯುತ್ತಿದ್ದ ನ್ಯಾಯಾಧೀಶರು ತಲೆ ಎತ್ತಿ ಬಾಗಿಲು ನೋಡಿದರು. ನಾನೂ ನೋಡಿದೆ. ಅಷ್ಟರಲ್ಲಿ ಒಬ್ಬ ಎತ್ತರದ ಮನುಷ್ಯ ಕುಂಟುತ್ತ ಒಳಗೆ ಬಂದರು. ಅವರು ಕುರುಗೋಡಿನವರೆಂದು ನೀನು ಮುಂಚೆಯೇ ತೋರಿಸಿದ್ದೆ. ಆದರೂ ಆ ಬೆಳಕಿನಲ್ಲಿ ಬಾಗಿಲು ದಾಟಿ ಬರುವಾಗ ನನಗೆ ಯಾರೆಂದು ಗೊತ್ತಾಗಲಿಲ್ಲ. ಕೈ ಕಟಕಟೆಯನ್ನು ಹಿಡಿದುಕೊಂಡಿತು. ಅವರು, “ನಾ ಬ್ಯಾರೆ ದೊಡ್ಡಬಸಪ್ಪ ರೀ ಸ್ವಾಮಿ, ತಪ್ಪಾತು,” ಎಂದಾಗಲೇ ಕಟಕಟೆ ಬಿಟ್ಟೆ.

ನನ್ನ ಸಾಕ್ಷಿಯಲ್ಲಿ ವಕೀಲರು, ನಿಮ್ಮ ಯಜಮಾನರು ತೀರಿಕೊಂಡಿದ್ದಾರೆ ಎಂದು ನಂಬುತ್ತೀರಾ ಎಂದರು. ಹೌದು ಎನ್ನಬೇಕೆಂದು ಅವರು ಹೇಳಿಕೊಟ್ಟಿದ್ದರು. ನನ್ನ ಬಾಯಿಂದ “ಗೊತ್ತಿಲ್ರಿ” ಎಂದು ಬಂತು. ವಕೀಲರು ಕನ್ನಡಕ ತೆಗೆದರು. ನ್ಯಾಯಾಧೀಶರೇ ಕೇಳಿದರು, ಅವರಿಂದ ಸುದ್ದಿ, ಕಾಗದ, ಯಾರಾದರೂ ನೋಡಿದ್ದು, ಏನಾದರೂ ಉಂಟೇ ಎಂದು. ಇಲ್ರಿ ಎಂದೆ. ಅದು ನಿಜ.

ಆಮೇಲೆ ಅತ್ತೆಯನ್ನು ಕರೆಸಿದರು. “ನಿಮ್ಮ ಸೊಸೆ ಹೇಳಿದ್ದಕ್ಕೆ ನಿಮ್ಮ ತಕರಾರು ಇದೆಯೇ ತಾಯಿ?” ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ನಿಂತರು. “ಸತ್ತಾನ ಅಂತ ನನ್ನ ಬಾಯಿಲೆ ಬರಂಗಿಲ್ರಿ. ಬಂದಿಲ್ಲ ಅಂತ ಕೇಳರಿ, ಅದು ಹೇಳತೀನಿ. ಬಂದಿಲ್ಲ. ಇಷ್ಟು ಕೂಗಿದ್ರು, ಬಂದಿಲ್ಲ.” ನ್ಯಾಯಾಧೀಶರು ಅದನ್ನು ಬರೆದುಕೊಂಡರು. “ಅಷ್ಟೇ ಸಾಕು ತಾಯಿ,” ಎಂದರು.

ನಾನು ಸಹಿ ಮಾಡಿ ಹೊರಗೆ ಬರುವಷ್ಟರಲ್ಲಿ ಅತ್ತೆ ಬೇವಿನ ಮರದ ಕೆಳಗೆ ಒಬ್ಬರೇ ಕೂತಿದ್ದರು. ಕಣ್ಣು ಕೆಂಪಗಿದ್ದವು. ಊರಿಂದ ತಂದಿದ್ದ ಬುತ್ತಿಯ ಗಂಟು ಇರಲಿಲ್ಲ, ಬರೀ ಬಟ್ಟೆ ಮಡಿಲಲ್ಲಿತ್ತು. ನಾನು ಕೇಳಲಿಲ್ಲ. ಅಷ್ಟು ಸಲ ಹೆಸರು ಯಾಕೆ ಕೂಗಿದರು? ಬುತ್ತಿ ಏನಾಯಿತು?

ಅಕ್ಕ


ಬಳ್ಳಾರಿ
6-12-1974

ಅಕ್ಕನಿಗೆ ನಮಸ್ಕಾರ.

ನಾನು ವರಾಂಡದಲ್ಲಿ ಅತ್ತೆಯವರ ಪಕ್ಕದಲ್ಲೇ ಇದ್ದೆ. ಪೀರಸಾಬರು ಮೂರು ಸಲ ಕೂಗಿ ಒಳಗೆ ತಿರುಗಿದರು. ಅತ್ತೆ ಎದ್ದು ಹೋಗಿ ಅವರ ತೋಳು ಹಿಡಿದರು.

“ಯಪ್ಪಾ, ಅವಗ ಗಿರಣಿ ಗದ್ದಲದಾಗ ಕಿವಿ ಮಂದ ಆಗ್ಯಾವ. ಸಣ್ಣ ಕೂಗು ಕೇಳಂಗಿಲ್ಲ. ಸ್ವಲ್ಪ ದೊಡ್ಡಕ ಕೂಗಪಾ.”

ಪೀರಸಾಬರು ನನ್ನ ಮುಖ ನೋಡಿದರು. ಎಲ್ಲ ಅವರಿಗೆ ಗೊತ್ತಿತ್ತು. ಅವರು ತಿರುಗಿ ಬಂದು ಕೂಗಿದರು. ಅತ್ತೆ, “ರಸ್ತಿ ಕಡಿ ಮುಖ ಮಾಡಿ,” ಎಂದರು. ಅವರು ಮೆಟ್ಟಿಲಿಳಿದು ರಸ್ತೆಯ ಕಡೆ ತಿರುಗಿ ಕೂಗಿದರು. ಅಷ್ಟು ದೊಡ್ಡ ದನಿಯನ್ನು ಈ ಕೋರ್ಟಿನಲ್ಲಿ ನಾನು ಯಾವತ್ತೂ ಕೇಳಿಲ್ಲ. ಗೇಟಿನ ಹತ್ತಿರದ ಜಟಕಾದವರೂ ತಿರುಗಿ ನೋಡಿದರು. ಕಡೆಗೆ ಅತ್ತೆಯೇ, “ಸಾಕು ಬಿಡಪಾ, ನಿನ್ನ ಗಂಟಲು ಹೋತು,” ಎಂದು ಕೂತುಬಿಟ್ಟರು. ಪೀರಸಾಬರು ಒಳಗೆ ಹೋಗಿ ಸಾಹೇಬರ ಮುಂದೆ, “ಯಾರೂ ಇಲ್ಲ ಖಾವಂದ್,” ಎಂದರು.

ಸಾಕ್ಷಿ ಹೇಳಿ ಹೊರಗೆ ಬಂದ ಮೇಲೆ ಅತ್ತೆ ಮರದ ಕೆಳಗೆ ಕೂತರು. ಕುರುಗೋಡಿನವರು ದೂರದಲ್ಲೇ ನಿಂತಿದ್ದರು, ಹತ್ತಿರ ಬರಲು ಅವರಿಗೆ ಧೈರ್ಯ ಇರಲಿಲ್ಲ. ಅತ್ತೆಯೇ ಕರೆದರು.

“ನಿನ್ನ ಹೆಸರು ಖರೇನ ದೊಡ್ಡಬಸಪ್ಪನಾ?”

“ಹೌದು ಯವ್ವಾ. ನನ್ನಿಂದ ನಿಮಗ ಸಂಕಟ ಆತು.”

“ನಿಮ್ಮವ್ವ ಅದಾಳ?”

“ಇಲ್ರಿ, ಹೋಗಿ ಭಾಳ ವರ್ಷಾತು.”

ಅತ್ತೆ ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಬೇರೆ ಎಲೆಯಲ್ಲಿ ಕಟ್ಟಿದ ಹೋಳಿಗೆ. “ಹೆಸರಿಟ್ಟು ತಂದದ್ದು ಹೊಳ್ಳಿ ಒಯ್ಯಬಾರದು. ಕುಂದ್ರು, ಉಣ್ಣು,” ಎಂದರು. ಅವರು ಒಲ್ಲೆ ಎನ್ನಲು ಹೋಗಿ ಸುಮ್ಮನೆ ಕೂತರು. ಅವರು ಉಣ್ಣುವವರೆಗೂ ಅತ್ತೆ ಎದುರಿಗೇ ಕೂತು, ಕಡಿಮೆಯಾದಂತೆ ಬಡಿಸಿದರು. ಹೋಳಿಗೆಯ ಕಡೆಯ ಚೂರನ್ನೂ ಅವರು ಬಿಡಲಿಲ್ಲ. ಎದ್ದು ಅತ್ತೆಯ ಕಾಲು ಮುಟ್ಟಿ ಹೊರಟುಹೋದರು. ಆಮೇಲೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಎದ್ದು ಆಚೆ ಹೋಗಿ ನಿಂತೆ. ಅದಕ್ಕೇ ನೀನು ಬಂದಾಗ ಅವರು ಒಬ್ಬರೇ ಇದ್ದದ್ದು.

ಮರಿಬಸಪ್ಪ


ಬಳ್ಳಾರಿ
12-2-1975

ಅಕ್ಕನಿಗೆ ನಮಸ್ಕಾರ.

ಡಿಕ್ರಿ ಆಯಿತು. ದಾವೆ ನಿನ್ನ ಕಡೆ. ನಕಲಿಗೆ ಅರ್ಜಿ ನಮ್ಮ ಟೇಬಲ್ಲಿಗೇ ಬಂತು. ಎಷ್ಟೋ ಮಂದಿಯದನ್ನು ಟೈಪು ಮಾಡಿದ್ದೇನೆ, ಇದಕ್ಕೆ ಮಾತ್ರ ಕೂತೆ, ಎದ್ದೆ. ಪಕ್ಕದವರಿಗೆ ಕೊಟ್ಟು ಮಾಡಿಸಿದೆ. ಇದರ ಜೊತೆಗೆ ಕಳಿಸುತ್ತಿದ್ದೇನೆ, ಸಿರುಗುಪ್ಪದ ಕಚೇರಿಗೆ ಕೊಡು.

ನೀನು ಕೇಳಿದ್ದನ್ನು ಕಡೆಗೂ ವಕೀಲರ ಹತ್ತಿರ ಕೇಳಿದೆ. ಅವರು ನಗಲಿಲ್ಲ. ಭಾವ ಇಲ್ಲವೆಂದು ಕಾನೂನು ತಿಳಿಯುತ್ತದೆ, ಆದರೆ ಯಾವ ದಿನ ಹೋದರು ಎಂದು ಕಾನೂನು ಹೇಳುವುದಿಲ್ಲ, ಅದನ್ನು ಬೇಕಾದವರು ಬೇರೆ ಸಾಬೀತು ಮಾಡಬೇಕು ಎಂದರು. ಹಾಗಾದರೆ ಮನೆಯವರು ಏನು ಮಾಡಬೇಕು ಎಂದೆ. “ಅದು ನನ್ನ ಪುಸ್ತಕದಾಗ ಇಲ್ಲಪಾ,” ಎಂದರು.

ನನಗೂ ಗೊತ್ತಿಲ್ಲ, ಅಕ್ಕ. ಕೋರ್ಟಿನಲ್ಲಿ ಕೆಲಸ ಮಾಡುವವನೆಂದು ನನ್ನನ್ನು ಕೇಳಿದೆ. ಗೊತ್ತಿದೆ ಎಂದು ನಾನೂ ಅಂದುಕೊಂಡಿದ್ದೆ.

ಮರಿಬಸಪ್ಪ


ಹಚ್ಚೊಳ್ಳಿ
20-3-1975

ಮರಿಬಸಪ್ಪನಿಗೆ ಅಕ್ಕನ ಆಶೀರ್ವಾದ.

ಖಾತೆ ಆಯಿತು. ಅತ್ತೆಯೂ ನನ್ನ ಜೊತೆ ಸಿರುಗುಪ್ಪಕ್ಕೆ ಬಂದು ಹೆಬ್ಬಟ್ಟು ಒತ್ತಿದರು. ತಿಥಿ ಮಾಡುವ ಮಾತು ಮಠದ ಅಯ್ಯನವರು ಎತ್ತಿದರು, ಅತ್ತೆ ಯಾವ ದಿನ ಎಂದು ಕೇಳಿದರು, ಅವರು ಪಂಚಾಂಗ ಮಡಿಚಿಟ್ಟರು.

ಹಣೆಯ ವಿಷಯ ನೀನು ಚಿಂತೆ ಮಾಡಬೇಡ. ಒಂದು ಬೆಳಿಗ್ಗೆ ಹಚ್ಚಿಕೊಳ್ಳುತ್ತೇನೆ, ಒಂದು ಬೆಳಿಗ್ಗೆ ಕೆಲಸದಲ್ಲಿ ಮರೆಯುತ್ತೇನೆ. ಹಚ್ಚಿಕೊಂಡ ದಿನವೂ ಅತ್ತೆ ಏನೂ ಅನ್ನುವುದಿಲ್ಲ, ಮರೆತ ದಿನವೂ ಅನ್ನುವುದಿಲ್ಲ. ಓಣಿಯವರು ಮೊದಮೊದಲು ನೋಡುತ್ತಿದ್ದರು. ಈಗ ಅವರಿಗೂ ಬೇಸರವಾಗಿರಬೇಕು. ಬಾಗಿಲಲ್ಲಿ ಸದ್ದಾದರೆ ನನಗೆ ಈಗ ಹೆದರಿಕೆ ಇಲ್ಲ. ಅಷ್ಟು ಮಾತ್ರ ಗೊತ್ತು.

ಜಡೆಮ್ಮನ ಲಗ್ನ ಪತ್ರಿಕೆ ಮಾಡಿಸಲು ಸಿರುಗುಪ್ಪದ ಪ್ರೆಸ್ಸಿಗೆ ಹೋಗಿದ್ದೆವು. ಪ್ರೆಸ್ಸಿನವರು ಬರೆದುಕೊಳ್ಳುತ್ತ, “ಹುಡುಗಿ ತಂದಿ ಹೆಸರಿನ ಮುಂದ ಶ್ರೀ ಹಾಕಲೇನ್ರಿ, ದಿವಂಗತ ಹಾಕಲೇನ್ರಿ?” ಎಂದರು. ನಾನು ಅತ್ತೆಯನ್ನು ನೋಡಿದೆ. ಅವರು ಎರಡಕ್ಕೂ ಅರ್ಥ ಕೇಳಿ ತಿಳಿದುಕೊಂಡರು.

“ಎರಡೂ ಬ್ಯಾಡ. ಬರೇ ಹೆಸರು ಹಾಕು. ಹೆಸರಿಗೇನೂ ಆಗಿಲ್ಲ.”

“ಕೆಳಗ ಮದುವಿಗೆ ಕರಿಯೋರು ಅಂತ ಯಾರ ಹೆಸರು ಯವ್ವಾ? ಮನಿ ಗಂಡಸರದು ಹಾಕತೀವಿ ನಾವು.”

“ಅಕಿದು ಹಾಕು,” ಎಂದು ನನ್ನ ಕಡೆ ತೋರಿಸಿದರು. “ಇಷ್ಟು ವರ್ಷ ನಮ್ಮ ಮನಿಗೆ ಬಂದವರ್ನ ಬರ್ರಿ ಅಂದಾಕಿ ಅಕಿ.”

ಪ್ರೆಸ್ಸಿನವರು ನನ್ನ ಹೆಸರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು.

ನೀನು ನಾಲ್ಕು ದಿನ ಮೊದಲೇ ಬಾ. ಚಪ್ಪರ ಹಾಕಿಸಬೇಕು.

ಅಕ್ಕನಾಗಮ್ಮ